ಮಂಡ್ಯದಲ್ಲೊಂದು ಸರ್ವರ್, ಮೈಸೂರಲ್ಲೊಂದು ಸರ್ವರ್: ನಡುವಿನ ನೋಡ್ ಹೇಗೆ ಕಟ್ಟಬೇಕು?

ಪ್ರಶ್ನೆ: ನಮ್ಮದು ಲಗ್ನಪತ್ರಿಕೆ, ಕ್ಯಾಲೆಂಡರ್, ಬಿಲ್ ಪುಸ್ತಕ ಮಾಡಿಕೊಡುವ ಸಣ್ಣ ಸಂಸ್ಥೆ. ಡಿಸೈನ್ ಕೆಲಸ ಮಂಡ್ಯದ ವಿದ್ಯಾನಗರದಲ್ಲಿ, ಪ್ರೆಸ್ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಎರಡೂ ಕಡೆ ಉಬುಂಟು (ಲಿನಕ್ಸ್) ಹಾಕಿದ ಒಂದೊಂದು ಫೈಲ್ ಸರ್ವರ್ ಇದೆ. ವಿಂಡೋಸ್ ಕಂಪ್ಯೂಟರುಗಳು ಸಾಂಬಾ ಎಂಬ ಫೈಲ್ ಹಂಚುವ ಸಾಫ್ಟ್‌ವೇರ್ ಮೂಲಕ ಅದರಲ್ಲೇ ಫೈಲ್ ಇಡುತ್ತವೆ. ಒಟ್ಟು ಸುಮಾರು 180 ಜಿಬಿ. ಇಲ್ಲಿಯವರೆಗೆ ಪೆನ್‌ಡ್ರೈವ್ ಮತ್ತು ವಾಟ್ಸಾಪ್‌ನಲ್ಲಿ ಕೆಲಸ ಸಾಗಿದೆ, ಇನ್ನು ಆಗುವುದಿಲ್ಲ. ಕ್ಲೌಡ್‌ನಲ್ಲಿ ಒಂದು ಸಣ್ಣ ಕಂಪ್ಯೂಟ್ ನೋಡ್ (ಇಂಟರ್ನೆಟ್ ಮೂಲಕ ಬಳಸುವ ಕಂಪ್ಯೂಟರ್) ಬಾಡಿಗೆಗೆ ತೆಗೆದುಕೊಂಡೆ. ಅದರಲ್ಲಿ ಲಾಗಿನ್ ಆಗಿ, ಆರ್‌ಸಿಂಕ್ ಎಂಬ ಫೈಲ್ ಕಾಪಿ ಮಾಡುವ ಸಾಧನಕ್ಕೆ ಒಂದು ಬದಿಯಲ್ಲಿ ಮಂಡ್ಯದ ಸರ್ವರ್, ಇನ್ನೊಂದು ಬದಿಯಲ್ಲಿ ಮೈಸೂರಿನ ಸರ್ವರ್ ಕೊಟ್ಟರೆ, ‘ಎರಡೂ ರಿಮೋಟ್ ಆಗಿರುವಂತಿಲ್ಲ’ ಎಂದು ನಿಂತುಬಿಡುತ್ತದೆ. ಎರಡೂ ಕಡೆ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇಲ್ಲ. ಸರಿಯಾದ ದಾರಿ ಯಾವುದು? ಕ್ಲೌಡ್ ಬಿಟ್ಟು ಪ್ರೆಸ್‌ನಲ್ಲಿರುವ ಹಳೆಯ ಪಿಸಿಯನ್ನೇ ನಡುವಿನ ನೋಡ್ ಮಾಡಬಹುದೇ?

ಉತ್ತರ: ನೀವು ಯಾವ ಸೆಟ್ಟಿಂಗನ್ನೂ ತಪ್ಪು ಮಾಡಿಲ್ಲ. ಆರ್‌ಸಿಂಕ್ ಇರುವುದೇ ಹಾಗೆ. ಅದು ಓಡುವಾಗ ಕಳಿಸುವ ಪ್ರೊಸೆಸ್ ಒಂದು, ಪಡೆಯುವ ಪ್ರೊಸೆಸ್ ಇನ್ನೊಂದು ಇರುತ್ತದೆ. ಈ ಎರಡರಲ್ಲಿ ಒಂದು, ನೀವು ಕಮಾಂಡ್ ಕೊಟ್ಟ ಮಶೀನಿನಲ್ಲೇ ಇರಬೇಕು. ಮೂರನೆಯ ಮಶೀನಿನಲ್ಲಿ ಕೂತು ಬೇರೆ ಇಬ್ಬರನ್ನು ಜೋಡಿಸುವ ವ್ಯವಸ್ಥೆ ಅದರಲ್ಲಿ ಇಲ್ಲ. ಹಾಗಾಗಿ ಐಪಿ, ಪಾಸ್‌ವರ್ಡ್ ಯಾವುದನ್ನೂ ನೋಡುವ ಮೊದಲೇ ಅದು ನಿಲ್ಲುತ್ತದೆ.

ಇದಕ್ಕೆ ಜನ ಎರಡು ಅಡ್ಡದಾರಿ ಹೇಳುತ್ತಾರೆ. ಮೊದಲನೆಯದು, ನೋಡ್‌ನಿಂದ ಎಸ್‌ಎಸ್‌ಎಚ್‌ನಲ್ಲಿ (ದೂರದ ಮಶೀನಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಮಂಡ್ಯಕ್ಕೆ ಹೋಗಿ, ಅಲ್ಲಿಂದ ಮೈಸೂರಿಗೆ ಆರ್‌ಸಿಂಕ್ ಓಡಿಸುವುದು. ಇದಕ್ಕೆ ಮಂಡ್ಯದ ಸರ್ವರ್‌ಗೆ ಮೈಸೂರಿನದು ನೇರವಾಗಿ ಸಿಗಬೇಕು. ನಿಮ್ಮಲ್ಲಿ ಅದು ಸಿಗುತ್ತಿದ್ದರೆ ನಡುವೆ ನೋಡ್ ಯಾಕೆ ಬೇಕಿತ್ತು, ಅಲ್ವಾ? ಎರಡನೆಯದು, ಎಸ್‌ಎಸ್‌ಎಚ್‌ಎಫ್‌ಎಸ್ ಬಳಸಿ ಎರಡೂ ಸರ್ವರ್‌ಗಳ ಫೋಲ್ಡರನ್ನು ನೋಡ್ ಮೇಲೆ ಮೌಂಟ್ ಮಾಡಿ (ಅಂದರೆ ಜೋಡಿಸಿ), ಲೋಕಲ್ ಫೋಲ್ಡರ್ ಎನ್ನುವ ಹಾಗೆ ಆರ್‌ಸಿಂಕ್ ಮಾಡುವುದು. ಕೆಲಸ ನಡೆಯುತ್ತದೆ, ಆದರೆ ಆರ್‌ಸಿಂಕ್‌ನ ಜಾಣತನವೆಲ್ಲ ಹೋಗುತ್ತದೆ. ಎರಡೂ ಬದಿ ಲೋಕಲ್ ಅಂದುಕೊಂಡಾಗ ಅದು ಬದಲಾದ ಭಾಗವನ್ನು ಹುಡುಕುವುದಿಲ್ಲ, ಇಡೀ ಫೈಲನ್ನೇ ಎಳೆದು ಹಾಕುತ್ತದೆ. ಈ ದಾರಿ ನಿಮಗೆ ಬೇಡ.

ನನ್ನ ಸಲಹೆ ಇಷ್ಟು. ನೋಡ್ ನಿಮ್ಮ ಸರ್ವರ್‌ಗಳ ಹತ್ತಿರ ಹೋಗುವುದು ಬೇಡ, ಎರಡೂ ಸರ್ವರ್‌ಗಳೇ ನೋಡ್ ಹತ್ತಿರ ಬರಲಿ. ಊರಿನ ಹಾಲಿನ ಡೈರಿ ನೋಡಿ. ಹಾಕುವವರು ಬಂದು ಹಾಕುತ್ತಾರೆ, ಒಯ್ಯುವವರು ಬಂದು ಒಯ್ಯುತ್ತಾರೆ, ಡೈರಿಯವರ ಹತ್ತಿರ ಯಾರ ಮನೆಯ ಬೀಗದ ಕೈಯೂ ಇರುವುದಿಲ್ಲ. ಮಂಡ್ಯದ ಸರ್ವರ್ ತನ್ನ ಫೈಲುಗಳನ್ನು ನೋಡ್‌ಗೆ ತಳ್ಳುತ್ತದೆ. ಮೈಸೂರಿನ ಸರ್ವರ್ ಅಲ್ಲಿಂದ ಎಳೆದುಕೊಳ್ಳುತ್ತದೆ. ಪ್ರತಿ ಸಲವೂ ಒಂದು ಬದಿ ಲೋಕಲ್, ಒಂದು ಬದಿ ರಿಮೋಟ್. ಆರ್‌ಸಿಂಕ್‌ನ ತಕರಾರು ಅಲ್ಲಿಗೆ ಮುಗಿಯಿತು.

ಸ್ಟ್ಯಾಟಿಕ್ ಐಪಿಯ ಸಮಸ್ಯೆಯೂ ಇದರಲ್ಲೇ ಹೋಗುತ್ತದೆ. ನಿಮ್ಮ ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ ಎಂದರ್ಥ. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಹಲವಾರು ಗಿರಾಕಿಗಳಿಗೆ ಹಂಚಿದ್ದಾರೆ. ಆಗ ರೌಟರ್‌ನಲ್ಲಿ ಎಷ್ಟೇ ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನವರು ಒಳಗೆ ಬರಲಾಗದು. ಆದರೆ ಒಳಗಿನಿಂದ ಹೊರಗೆ ಹೋಗಲು ಏನೂ ಅಡ್ಡಿಯಿಲ್ಲ, ನಮಗೆ ಬೇಕಾದದ್ದೂ ಅಷ್ಟೇ. ಇನ್ನೊಂದು ಲಾಭ ನನಗೆ ಇದಕ್ಕಿಂತ ದೊಡ್ಡದು. ಇಂಟರ್ನೆಟ್‌ಗೆ ತೆರೆದುಕೊಂಡಿರುವುದು ನೋಡ್ ಒಂದೇ. ನಾಳೆ ಯಾರಾದರೂ ಅದರೊಳಗೆ ನುಗ್ಗಿದರೂ, ಅಲ್ಲಿಂದ ನಿಮ್ಮ ಅಂಗಡಿಯ ಸರ್ವರ್‌ಗೆ ಹೋಗುವ ಕೀ ಅವರಿಗೆ ಸಿಗುವುದಿಲ್ಲ. ಯಾಕೆಂದರೆ ಅಂಥ ಕೀ ಅಲ್ಲಿ ಇಲ್ಲವೇ ಇಲ್ಲ.

ಕಮಾಂಡ್ ಬರೆಯುವ ಮೊದಲು ಒಂದು ವಿಷಯ ಕಾಗದದ ಮೇಲೆ ತೀರ್ಮಾನ ಆಗಬೇಕು: ಯಾವ ಫೋಲ್ಡರ್ ಯಾರದು? ‘ಎರಡೂ ಕಡೆ ಒಂದೇ ಫೋಲ್ಡರ್, ಯಾರು ಎಲ್ಲಿ ಬೇಕಾದರೂ ತಿದ್ದಬಹುದು’ ಎನ್ನುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಒಂದೇ ಕೋರೆಲ್ (ಡಿಸೈನ್ ಸಾಫ್ಟ್‌ವೇರ್) ಫೈಲನ್ನು ಮಂಡ್ಯದಲ್ಲೂ ಮೈಸೂರಿನಲ್ಲೂ ಒಂದೇ ಮಧ್ಯಾಹ್ನ ತಿದ್ದಿದರೆ, ಆ ಎರಡನ್ನು ಬೆಸೆಯುವ ಸಾಫ್ಟ್‌ವೇರ್ ಯಾವುದೂ ಇಲ್ಲ. ಸಿಂಕ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಯೂನಿಸನ್, ಯಾವುದನ್ನು ಉಳಿಸಲಿ ಎಂದು ನಿಮ್ಮನ್ನು ಕೇಳುತ್ತದೆ. ಸಿಂಕ್‌ಥಿಂಗ್ ಒಂದನ್ನು ಉಳಿಸಿಕೊಂಡು ಇನ್ನೊಂದಕ್ಕೆ ‘ಸಿಂಕ್ ಕಾನ್‌ಫ್ಲಿಕ್ಟ್’ ಎಂದು ಹೆಸರು, ತಾರೀಖು ಅಂಟಿಸಿ ಇಡುತ್ತದೆ. ಆರ್‌ಸಿಂಕ್ ಏನೂ ಕೇಳದೆ ಒಂದರ ಮೇಲೆ ಇನ್ನೊಂದನ್ನು ಬರೆದುಬಿಡುತ್ತದೆ. ಕೊನೆಗೆ ಯಾವ ಪತ್ರಿಕೆಯಲ್ಲಿ ಮುಹೂರ್ತದ ಸಮಯ ಸರಿ ಇದೆ ಎಂದು ಮನುಷ್ಯರೇ ಕೂತು ನೋಡಬೇಕು.

ಅದಕ್ಕೇ ಒಂದು ಫೋಲ್ಡರ್‌ಗೆ ಒಬ್ಬರೇ ಯಜಮಾನರು ಇರಲಿ. ‘ಡಿಸೈನ್’ ಮಂಡ್ಯದ್ದು. ಮೈಸೂರಿಗೆ ಅದು ಓದಲು ಮಾತ್ರ. ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಮೈಸೂರಿನ ಸಾಂಬಾದಲ್ಲಿ ಆ ಷೇರನ್ನು ರೀಡ್ ಓನ್ಲಿ ಎಂದೇ ಹಾಕಿ. ‘ಪ್ರೆಸ್’ ಎನ್ನುವ ಇನ್ನೊಂದು ಫೋಲ್ಡರ್ ಮೈಸೂರಿನದು, ಮಂಡ್ಯಕ್ಕೆ ಓದಲು ಮಾತ್ರ. ಪ್ರಿಂಟಿಗೆ ಪ್ಲೇಟ್ ಹಾಕುವ ಹೊತ್ತಿಗೆ ಹುಡುಗಿಯ ತಂದೆಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದು ಮೈಸೂರಿನವರ ಕಣ್ಣಿಗೆ ಬೀಳುತ್ತದೆ. ಇದು ನಿಮ್ಮ ಕೆಲಸದಲ್ಲಿ ದಿನಾ ಆಗುವಂಥದ್ದು. ಆಗ ಅವರು ಫೈಲನ್ನು ‘ಪ್ರೆಸ್’ ಒಳಗಿನ ‘ತಿದ್ದುಪಡಿ’ಗೆ ಕಾಪಿ ಮಾಡಿ, ತಿದ್ದಿ, ಪ್ಲೇಟ್‌ಗೆ ಕಳಿಸಲಿ. ಅದು ತಾನಾಗಿಯೇ ಮಂಡ್ಯಕ್ಕೆ ಬರುತ್ತದೆ, ಡಿಸೈನ್‌ನವರು ನೋಡಿ ಮೂಲದಲ್ಲೂ ಸರಿಪಡಿಸುತ್ತಾರೆ. ಒಂದು ಹೆಜ್ಜೆ ಜಾಸ್ತಿ, ನಿಜ. ಆದರೆ ಯಾರ ಕೆಲಸವೂ ಅಳಿಸಿಹೋಗುವುದಿಲ್ಲ.

ಇನ್ನು ನೋಡ್. ಇದಕ್ಕೆ ದೊಡ್ಡ ಮಶೀನ್ ಬೇಡವೇ ಬೇಡ. ಒಂದು ವರ್ಚುವಲ್ ಸಿಪಿಯು, 1 ಜಿಬಿ ರ‍್ಯಾಮ್ ಸಾಕು. ದುಡ್ಡು ಡಿಸ್ಕಿಗೆ ಹಾಕಿ. 180 ಜಿಬಿ ಚಾಲ್ತಿ ಫೈಲು, ಅಷ್ಟೇ ಗಾತ್ರದ ಹಳೆಯ ಪ್ರತಿಗಳು, ಮುಂದಿನ ಬೆಳವಣಿಗೆ ಎಲ್ಲ ಸೇರಿ 500 ಜಿಬಿ ಇಟ್ಟುಕೊಳ್ಳಿ. ನೋಡ್ ಭಾರತದೊಳಗೇ ಇರಲಿ. ಮುಂಬೈ, ಹೈದರಾಬಾದ್ ಯಾವುದಾದರೂ ಸರಿ. ಬಾಡಿಗೆ ನೋಡುವಾಗ ಹೊರಹೋಗುವ ಡೇಟಾದ ದರವನ್ನೂ ಕೇಳಿ. ಸಾಮಾನ್ಯವಾಗಿ ಒಳಗೆ ಬರುವುದಕ್ಕೆ ದುಡ್ಡಿಲ್ಲ, ಹೊರಗೆ ಹೋಗುವುದಕ್ಕೆ ಇರುತ್ತದೆ. ನಿಮ್ಮ ಪ್ರತಿ ಫೈಲೂ ಒಮ್ಮೆ ಒಳಗೆ ಬಂದು ಒಮ್ಮೆ ಹೊರಗೆ ಹೋಗುತ್ತದೆ.

ನೋಡ್‌ನಲ್ಲಿ ‘ಮಂಡ್ಯ’, ‘ಮೈಸೂರು’ ಎಂದು ಎರಡು ಸಾಮಾನ್ಯ ಯೂಸರ್ ಮಾಡಿ. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಸಿಂಕ್ ಮಾಡಬೇಡಿ. ಪ್ರತಿ ಸರ್ವರ್‌ನಲ್ಲೂ ಈ ಕೆಲಸಕ್ಕೆಂದೇ ಇಡಿ25519 ಮಾದರಿಯ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲಿಗೆ ಬಳಸುವ ಡಿಜಿಟಲ್ ಬೀಗದ ಕೈ) ಮಾಡಿ. ತಳ್ಳಲು ಒಂದು, ಎಳೆಯಲು ಒಂದು. ಅದರ ಪಬ್ಲಿಕ್ ಭಾಗವನ್ನು ನೋಡ್‌ನ ಆಥರೈಸ್ಡ್ ಕೀಸ್ ಫೈಲಿಗೆ ಸೇರಿಸುವಾಗ, ಅದೇ ಸಾಲಿನ ಮುಂದೆ ‘ರೆಸ್ಟ್ರಿಕ್ಟ್’ ಎಂದೂ, ‘ಕಮಾಂಡ್’ ಎನ್ನುವಲ್ಲಿ ಆರ್‌ಆರ್‌ಸಿಂಕ್ ಎಂದೂ ಹಾಕಿ. ಆರ್‌ಆರ್‌ಸಿಂಕ್ ಎಂಬುದು ಆರ್‌ಸಿಂಕ್ ಜೊತೆಗೇ ಬರುವ ಪುಟ್ಟ ಸ್ಕ್ರಿಪ್ಟ್. ಆ ಕೀ ಹಿಡಿದು ಬಂದವರಿಗೆ ಶೆಲ್ (ಕಮಾಂಡ್ ಕೊಡುವ ಜಾಗ) ಸಿಗುವುದಿಲ್ಲ. ನೀವು ಹೇಳಿದ ಒಂದೇ ಫೋಲ್ಡರಿನಲ್ಲಿ, ಬರೆಯಲು ಮಾತ್ರ ಅಥವಾ ಓದಲು ಮಾತ್ರ ಬಿಡುತ್ತದೆ. ಮಂಡ್ಯದ ತಳ್ಳುವ ಕೀಗೆ ‘ಡಿಸೈನ್’ನಲ್ಲಿ ಬರೆಯಲು, ಮೈಸೂರಿನ ಎಳೆಯುವ ಕೀಗೆ ಅದನ್ನೇ ಓದಲು ಅವಕಾಶ ಕೊಡಿ. ‘ಪ್ರೆಸ್’ಗೆ ಇದನ್ನೇ ತಿರುಗಿಸಿ ಹಾಕಿ. ಪಾಸ್‌ವರ್ಡ್ ಲಾಗಿನ್ ಪೂರ್ತಿ ಮುಚ್ಚಿ. ಫೈರ್‌ವಾಲ್‌ನಲ್ಲಿ ಎಸ್‌ಎಸ್‌ಎಚ್ ಪೋರ್ಟ್ ಒಂದೇ ತೆರೆದಿರಲಿ. ಆರ್‌ಸಿಂಕ್ ಡೀಮನ್‌ನ (ಹಿನ್ನೆಲೆಯಲ್ಲಿ ಸದಾ ಓಡುವ ರೂಪ) 873 ಪೋರ್ಟನ್ನು ಯಾವ ಕಾರಣಕ್ಕೂ ಹೊರಗೆ ಬಿಡಬೇಡಿ. 2025ರ ಜನವರಿಯಲ್ಲಿ ಆರ್‌ಸಿಂಕ್‌ನಲ್ಲಿ ಗಂಭೀರ ಭದ್ರತಾ ದೋಷಗಳು ಹೊರಬಿದ್ದು, 3.4.0 ಆವೃತ್ತಿಯಲ್ಲಿ ಸರಿಯಾದವು. ಡೀಮನ್ ತೆರೆದಿಟ್ಟವರಿಗೇ ಅದರ ಅಪಾಯ ಜಾಸ್ತಿ ಇತ್ತು. ಉಬುಂಟುವಿನ ಸೆಕ್ಯುರಿಟಿ ಅಪ್‌ಡೇಟ್ ತಾನಾಗಿಯೇ ಆಗುವಂತೆ ಮೂರೂ ಮಶೀನಿನಲ್ಲಿ ಇಟ್ಟುಬಿಡಿ.

ಆರ್‌ಸಿಂಕ್ ಒಳಗೆ ಏನು ಮಾಡುತ್ತದೆ ಎಂದು ಸ್ವಲ್ಪ ತಿಳಿದರೆ ಮುಂದಿನದು ಸುಲಭ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಇದನ್ನು 1996ರಲ್ಲಿ ಹೊರತಂದರು. ಮೊದಲು ಅದು ಗಾತ್ರ ಮತ್ತು ಕೊನೆಯ ಬಾರಿ ಬದಲಾದ ಸಮಯ, ಇವೆರಡನ್ನೇ ನೋಡುತ್ತದೆ. ಎರಡೂ ಸರಿಹೊಂದಿದರೆ ಫೈಲ್ ಬಿಚ್ಚುವುದೇ ಇಲ್ಲ. ಹೊಂದದಿದ್ದರೆ, ಪಡೆಯುವ ಬದಿ ತನ್ನ ಹಳೆಯ ಫೈಲನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಎರಡು ಚೆಕ್‌ಸಮ್ (ತುಂಡಿನ ಗುರುತಿನ ಸಂಖ್ಯೆ) ಲೆಕ್ಕ ಹಾಕಿ ಕಳಿಸುತ್ತದೆ. ಒಂದು ಬೇಗ ಆಗುವಂಥದ್ದು, ಇನ್ನೊಂದು ಗಟ್ಟಿಯಾದದ್ದು. ಕಳಿಸುವ ಬದಿ ತನ್ನ ಹೊಸ ಫೈಲಿನ ಮೇಲೆ ಒಂದೊಂದೇ ಬೈಟ್ ಸರಿಯುತ್ತಾ, ಆ ತುಂಡುಗಳು ಎಲ್ಲೆಲ್ಲಿ ಸಿಗುತ್ತವೆ ಎಂದು ಹುಡುಕುತ್ತದೆ. ಸಿಕ್ಕಿದ್ದಕ್ಕೆ ‘ನಿನ್ನ ಇಷ್ಟನೇ ತುಂಡು’ ಎಂದಷ್ಟೇ ಹೇಳುತ್ತದೆ, ಸಿಗದ ಭಾಗವನ್ನು ಮಾತ್ರ ಕಳಿಸುತ್ತದೆ. ಒಂದು ಬೈಟ್ ಸರಿದಾಗ ಬೇಗದ ಚೆಕ್‌ಸಮ್ ಅನ್ನು ಮೊದಲಿನಿಂದ ಲೆಕ್ಕ ಹಾಕಬೇಕಿಲ್ಲ. ಹೊರಹೋದ ಬೈಟ್ ಕಳೆದು, ಒಳಬಂದದ್ದು ಕೂಡಿದರೆ ಆಯಿತು. ಎಷ್ಟು ಸಲ ನೋಡಿದರೂ ನನಗೆ ಖುಷಿ ಕೊಡುವ ಉಪಾಯ ಇದು.

ನಿಮ್ಮ ಫೈಲುಗಳಿಗೆ ಇದರಿಂದ ಎಷ್ಟು ಲಾಭ ಎನ್ನುವುದು ಫೈಲಿನ ಬಗೆಯ ಮೇಲಿದೆ. ಕಂಪ್ರೆಸ್ ಮಾಡದ ಟಿಫ್‌ನಲ್ಲಿ ಒಂದು ಮೂಲೆ ಬದಲಾದರೆ ಅಷ್ಟೇ ಹೋಗುತ್ತದೆ. ಫೋಟೋಶಾಪ್ ಫೈಲಿನಲ್ಲೂ ಬಹಳಷ್ಟು ಉಳಿಯುತ್ತದೆ. ಕೋರೆಲ್ ಫೈಲ್ ಹಾಗಲ್ಲ. ಎಕ್ಸ್4 ಆವೃತ್ತಿಯಿಂದ ಅದು ಒಳಗೆ ಜಿಪ್ ಆಗಿರುತ್ತದೆ. ಒಂದು ಹೆಸರು ತಿದ್ದಿದರೂ ಕಂಪ್ರೆಸ್ ಆದ ಭಾಗದ ಬೈಟ್‌ಗಳೆಲ್ಲ ಬದಲಾಗಿ, ಹೆಚ್ಚೂಕಮ್ಮಿ ಇಡೀ ಫೈಲ್ ಹೋಗುತ್ತದೆ. ಕೋರೆಲ್ ಫೈಲ್ ಮತ್ತೆ ಮತ್ತೆ ಪೂರ್ತಿ ಹೋಗುತ್ತಿದ್ದರೆ ಏನೋ ಕೆಟ್ಟಿದೆ ಅಂದುಕೊಳ್ಳಬೇಡಿ. ಇನ್ನೊಂದು ಮಾತು. ಆರ್‌ಸಿಂಕ್‌ಗೆ ಹೆಸರು ಬದಲಿಸಿದ್ದು ಗೊತ್ತಾಗುವುದಿಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ಪೂರ್ತಿ ಕಳಿಸುತ್ತದೆ. ಹೋದ ವರ್ಷದ ಇಡೀ ಫೋಲ್ಡರಿನ ಹೆಸರನ್ನು ಬೆಳಗ್ಗೆ ಹನ್ನೊಂದಕ್ಕೆ ಬದಲಿಸಿದರೆ, ಅವತ್ತಿನ ಲಗ್ನಪತ್ರಿಕೆ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಅಂಥ ಕೆಲಸ ರಾತ್ರಿಗೆ ಇಟ್ಟುಕೊಳ್ಳಿ.

ಕಮಾಂಡಿಗೆ ಆರ್ಕೈವ್ ಆಪ್ಷನ್ ಹಾಕಿ. ಅದಿಲ್ಲದಿದ್ದರೆ ಫೈಲಿನ ಸಮಯ ಉಳಿಯುವುದಿಲ್ಲ, ಪ್ರತಿ ಸಲ ಎಲ್ಲವನ್ನೂ ಮತ್ತೆ ನೋಡುತ್ತಾ ಕೂರುತ್ತದೆ. ಪಾರ್ಷಿಯಲ್ ಡೈರ್ ಆಪ್ಷನ್ ಕೊಟ್ಟರೆ, ನಡುವೆ ಇಂಟರ್ನೆಟ್ ಹೋದರೂ ಅಲ್ಲಿಯವರೆಗೆ ಹೋದದ್ದು ವ್ಯರ್ಥವಾಗುವುದಿಲ್ಲ. ಟೈಮ್‌ಔಟ್ ಕೊಡಿ, ಲೈನ್ ಸತ್ತಾಗ ಗಂಟೆಗಟ್ಟಲೆ ನೇತಾಡುವುದಿಲ್ಲ. ಇನ್‌ಪ್ಲೇಸ್ ಆಪ್ಷನ್ ಬೇಡ. ಸಾಮಾನ್ಯವಾಗಿ ಆರ್‌ಸಿಂಕ್ ಹೊಸ ಫೈಲನ್ನು ಚುಕ್ಕಿಯಿಂದ ಶುರುವಾಗುವ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ನಿಜವಾದ ಹೆಸರಿಗೆ ತರುತ್ತದೆ. ಹಾಗಾಗಿ ಅರ್ಧ ಬಂದ ಫೈಲ್ ಯಾರ ಕೈಗೂ ಸಿಗುವುದಿಲ್ಲ. ಇನ್‌ಪ್ಲೇಸ್ ಹಾಕಿದರೆ ಆ ರಕ್ಷಣೆ ಹೋಯಿತು. ಮೈಸೂರು ಎಳೆಯುವಾಗ ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಎಕ್ಸ್‌ಕ್ಲೂಡ್ ಮಾಡಿ. ಕೋರೆಲ್ ತಾನೇ ಮಾಡಿಕೊಳ್ಳುವ ‘ಬ್ಯಾಕಪ್ ಆಫ್’ ಫೈಲುಗಳು, ವಿಂಡೋಸ್‌ನ ಥಂಬ್ಸ್ ಡಿಬಿ, ಇವೂ ಹೋಗಬೇಕಿಲ್ಲ. ಮೂಲ ಫೋಲ್ಡರಿನ ಹೆಸರಿನ ಕೊನೆಯ ಓರೆಗೆರೆ ನೆನಪಿರಲಿ. ಅದಿದ್ದರೆ ಫೋಲ್ಡರಿನೊಳಗಿನದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ‘ಡಿಸೈನ್’ ಒಳಗೆ ಇನ್ನೊಂದು ‘ಡಿಸೈನ್’ ಕೂರುತ್ತದೆ.

ಈಗ ನಾನು ನಿಮ್ಮನ್ನು ನಿಲ್ಲಿಸಿ ಹೇಳಬೇಕಾದ ಮಾತು. ಮಂಡ್ಯದಲ್ಲಿ ಅಳಿಸಿದ್ದು ಮೈಸೂರಿನಲ್ಲೂ ಅಳಿಯಬೇಕು ಎಂದರೆ ಡಿಲೀಟ್ ಆಪ್ಷನ್ ಬೇಕು. ಅದೇ ಆಪ್ಷನ್ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ತೊಳೆದುಬಿಡಬಹುದು. ಕರೆಂಟ್ ಹೋಗಿ ಬಂದು ಮಂಡ್ಯದ ಸರ್ವರ್ ಮತ್ತೆ ಶುರುವಾಯಿತು ಎಂದುಕೊಳ್ಳಿ. ಡೇಟಾ ಇರುವ ಡಿಸ್ಕ್ ಯಾವುದೋ ಕಾರಣಕ್ಕೆ ಮೌಂಟ್ ಆಗಲಿಲ್ಲ. ಮೌಂಟ್ ಆಗಬೇಕಿದ್ದ ಜಾಗದಲ್ಲಿ ಖಾಲಿ ಫೋಲ್ಡರ್ ಇದೆ. ಆರ್‌ಸಿಂಕ್‌ಗೆ ಇದು ದೋಷ ಎಂದು ಗೊತ್ತಾಗುವುದಿಲ್ಲ. ‘ಓಹೋ, ಎಲ್ಲ ಅಳಿಸಿದ್ದಾರೆ’ ಎಂದುಕೊಂಡು ನೋಡ್‌ನಲ್ಲೂ ಅಳಿಸುತ್ತದೆ. ಕೆಲವೇ ನಿಮಿಷದಲ್ಲಿ ಮೈಸೂರೂ ಖಾಲಿ.

ಇದನ್ನು ತಡೆಯಲು ಸುಲಭದ ದಾರಿ ಇದೆ. ಡಿಸ್ಕಿನ ಮೌಂಟ್ ಜಾಗವನ್ನೇ ಸಿಂಕ್ ಮಾಡಬೇಡಿ. ಡಿಸ್ಕಿನೊಳಗೆ ಒಂದು ಫೋಲ್ಡರ್ ಮಾಡಿ, ಅದನ್ನು ಸಿಂಕ್ ಮಾಡಿ. ಆಗ ಡಿಸ್ಕ್ ಬರದಿದ್ದರೆ ಆ ಫೋಲ್ಡರೇ ಇರುವುದಿಲ್ಲ. ಆರ್‌ಸಿಂಕ್ ‘ಅಂಥ ಫೋಲ್ಡರ್ ಇಲ್ಲ’ ಎಂದು 23ನೇ ಕೋಡ್ ಕೊಟ್ಟು ನಿಲ್ಲುತ್ತದೆ, ಏನನ್ನೂ ಅಳಿಸುವುದಿಲ್ಲ. ನೋಡ್‌ನಲ್ಲೂ ಹೀಗೇ ಮಾಡಿ. ಇಲ್ಲದಿದ್ದರೆ ನೋಡ್ ರೀಬೂಟ್ ಆದಾಗ ಇದೇ ಕಥೆ ಮೈಸೂರಿನ ಕಡೆ ಆಗುತ್ತದೆ. ಜೊತೆಗೆ ಮ್ಯಾಕ್ಸ್ ಡಿಲೀಟ್ ಆಪ್ಷನ್‌ಗೆ 50ರಂಥ ಮಿತಿ ಕೊಡಿ. ಅದು ಪೂರ್ತಿ ತಡೆಯಲ್ಲ. 50 ಅಳಿಸಿದ ಮೇಲೆ ನಿಂತು 25ನೇ ಕೋಡ್ ಕೊಡುತ್ತದೆ. 50 ಫೈಲ್ ವಾಪಸ್ ತರುವುದು ಕಷ್ಟವಲ್ಲ, ಮೂರು ಲಕ್ಷ ಕಷ್ಟ. ಮೊದಲ ಸಲ ಓಡಿಸುವಾಗ ಮತ್ತು ಆಪ್ಷನ್ ಬದಲಿಸಿದಾಗಲೆಲ್ಲ ಡ್ರೈ ರನ್ ಮಾಡಿ. ಅದು ಏನೇನು ಮಾಡುತ್ತೇನೆ ಎಂದು ಪಟ್ಟಿ ಕೊಡುತ್ತದೆ, ಮಾಡುವುದಿಲ್ಲ. ಅದರಲ್ಲಿ ‘ಡಿಲೀಟಿಂಗ್’ ಎನ್ನುವ ಸಾಲುಗಳನ್ನು ಒಂದೊಂದಾಗಿ ಓದಿ.

ಇಷ್ಟಾದರೂ ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ತಪ್ಪಾಗಿ ಅಳಿಸಿದ್ದೂ, ರ‍್ಯಾನ್ಸಮ್‌ವೇರ್ ಕೆಡಿಸಿದ್ದೂ ಅಷ್ಟೇ ಶ್ರದ್ಧೆಯಿಂದ ಎರಡೂ ಕಡೆ ಹೋಗುತ್ತದೆ. ನಡುವೆ ನೋಡ್ ಇರುವ ನಿಜವಾದ ಪ್ರಯೋಜನ ಇಲ್ಲೇ ಇದೆ. ಪ್ರತಿ ರಾತ್ರಿ ನೋಡ್‌ನಲ್ಲೇ ರೂಟ್ ಯೂಸರ್, ಚಾಲ್ತಿ ಫೋಲ್ಡರಿನಿಂದ ಆ ದಿನದ ತಾರೀಖಿನ ಫೋಲ್ಡರಿಗೆ ಒಂದು ಪ್ರತಿ ತೆಗೆಯಲಿ. ಆರ್‌ಸಿಂಕ್‌ನ ಲಿಂಕ್ ಡೆಸ್ಟ್ ಆಪ್ಷನ್‌ಗೆ ಹಿಂದಿನ ದಿನದ ಫೋಲ್ಡರ್ ತೋರಿಸಿದರೆ, ಬದಲಾಗದ ಫೈಲುಗಳಿಗೆ ಹಾರ್ಡ್‌ಲಿಂಕ್ ಮಾತ್ರ ಆಗುತ್ತದೆ, ಜಾಗ ಹಿಡಿಯುವುದಿಲ್ಲ. ನೋಡಲು ಪ್ರತಿ ದಿನದ್ದೂ ಪೂರ್ತಿ ಫೋಲ್ಡರ್, ಡಿಸ್ಕಿನಲ್ಲಿ ಮಾತ್ರ ಅವತ್ತು ಬದಲಾದಷ್ಟೇ. ಜಾಗ ಉಳಿಸಲು ಚಾಲ್ತಿ ಫೋಲ್ಡರಿಗೇ ಹಾರ್ಡ್‌ಲಿಂಕ್ ಮಾಡುವವರಿದ್ದಾರೆ. ಅದು ಬೇಡ. ಹಾರ್ಡ್‌ಲಿಂಕ್ ಎಂದರೆ ಒಂದೇ ಫೈಲಿಗೆ ಎರಡು ಹೆಸರು. ಚಾಲ್ತಿ ಫೈಲಿನ ಅನುಮತಿ, ಸಮಯ ಬದಲಾದರೆ ಹಳೆಯದರಲ್ಲೂ ಬದಲಾಗುತ್ತದೆ. 500 ಜಿಬಿ ಎಂದು ಹೇಳಿದ್ದು ಈ ಎರಡನ್ನು ಬೇರೆಯಾಗಿ ಇಡುವುದಕ್ಕೇ. ಈ ಹಳೆಯ ಪ್ರತಿಗಳ ಫೋಲ್ಡರಿಗೆ ‘ಮಂಡ್ಯ’, ‘ಮೈಸೂರು’ ಯೂಸರ್‌ಗಳಿಗೆ ಪ್ರವೇಶವೇ ಇರಬಾರದು. ಅಂಗಡಿಯ ಸರ್ವರ್‌ಗೆ ವೈರಸ್ ಬಂದರೂ ಅದರ ಕೈ ಅಲ್ಲಿಗೆ ತಲುಪದು.

ಕನ್ನಡದಲ್ಲಿ ಫೈಲ್ ಹೆಸರು ಇಡುವವರಿಗೆ ಮೂರು ತೊಂದರೆ ಬರುತ್ತವೆ. ಇದನ್ನು ಇಂಗ್ಲಿಷ್ ಕೈಪಿಡಿಗಳು ಹೇಳುವುದಿಲ್ಲ, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಮೊದಲನೆಯದು ಉದ್ದ. ಲಿನಕ್ಸ್‌ನ ಎಕ್ಸ್ಟ್4 ಫೈಲ್ ಸಿಸ್ಟಮ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್‌ಗೆ ಒಂದಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ಪ್ರತಿ ಯೂನಿಕೋಡ್ ಸಂಕೇತಕ್ಕೆ ಮೂರು ಬೈಟ್. ಕಾಗುಣಿತದ ಚಿಹ್ನೆ, ಒತ್ತಿಗೆ ಮೊದಲು ಬರುವ ಅರ್ಧಾಕ್ಷರದ ಚಿಹ್ನೆ (್), ಎಲ್ಲವೂ ಬೇರೆ ಬೇರೆ ಸಂಕೇತಗಳೇ. ‘ಲಕ್ಷ್ಮೀ’ ಎನ್ನುವ ಒಂದು ಹೆಸರಿಗೇ ಏಳು ಸಂಕೇತ, 21 ಬೈಟ್. 85 ಸಂಕೇತ ಆಗುತ್ತಿದ್ದಂತೆ ಮಿತಿ ಮುಟ್ಟಿತು. ವಿಂಡೋಸ್‌ನಲ್ಲಿ ಇದರ ಮೂರು ಪಟ್ಟು ಉದ್ದದ ಹೆಸರು ನಡೆಯುತ್ತದೆ. ಹಾಗಾಗಿ ವರ, ವಧು, ತಂದೆ ತಾಯಿ, ಊರು, ಛತ್ರ ಎಲ್ಲ ಸೇರಿಸಿದ ಫೋಲ್ಡರ್ ವಿಂಡೋಸ್ ಡಿಸ್ಕಿನಲ್ಲಿ ಚೆನ್ನಾಗಿಯೇ ಇದ್ದು, ಸರ್ವರ್‌ಗೆ ಹಾಕುವಾಗ ಕೈಕೊಡುತ್ತದೆ.

ಎರಡನೆಯದು ಒಂದೇ ಥರ ಕಾಣುವ ಎರಡು ಹೆಸರು. ‘ಮೋ’ ಎಂಬಲ್ಲಿರುವ ಓ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು. ಲಿನಕ್ಸ್, ವಿಂಡೋಸ್‌ನಲ್ಲಿ ನಾವು ಟೈಪ್ ಮಾಡಿದಾಗ ಸಾಮಾನ್ಯವಾಗಿ ಮೊದಲನೆಯದು ಸಿಗುತ್ತದೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಮಾತ್ರ ಎಲ್ಲವನ್ನೂ ತುಂಡು ಮಾಡಿ ಇಡುತ್ತಿತ್ತು. ಅಂಥ ಮ್ಯಾಕ್‌ನಿಂದ ಟಾರ್ (ಫೈಲುಗಳನ್ನು ಒಂದೇ ಕಟ್ಟು ಮಾಡುವ ಸಾಧನ) ಅಥವಾ ಆರ್‌ಸಿಂಕ್ ಮೂಲಕ ಬಂದ ‘ಮೋಹನ’ ಫೋಲ್ಡರ್ ಪಕ್ಕದಲ್ಲೇ ನೀವು ಮಾಡಿದ ‘ಮೋಹನ’ ಕೂರುತ್ತದೆ. ಕಣ್ಣಿಗೆ ಎರಡೂ ಒಂದೇ, ಲಿನಕ್ಸ್‌ಗೆ ಎರಡು ಬೇರೆ. ಸಿಂಕ್ ಮಾಡಿದಾಗ ಒಂದು ಅಳಿದು ಇನ್ನೊಂದು ಬರುವ ವಿಚಿತ್ರ ಶುರುವಾಗುತ್ತದೆ. ಇದಕ್ಕೆ ಕಾನ್ವ್‌ಎಂವಿ ಎಂಬ ಸಲಕರಣೆ ಇದೆ. ಎನ್‌ಎಫ್‌ಸಿ ಆಪ್ಷನ್ ಕೊಟ್ಟು ಒಮ್ಮೆ ಓಡಿಸಿದರೆ ಎಲ್ಲ ಹೆಸರೂ ಒಂದೇ ರೂಪಕ್ಕೆ ಬರುತ್ತವೆ. ಮೊದಲು ಅದು ಬರೀ ತೋರಿಸುತ್ತದೆ, ‘ನೋಟೆಸ್ಟ್’ ಎಂದರೆ ಮಾತ್ರ ಬದಲಿಸುತ್ತದೆ. ಸಿಂಕ್ ಶುರು ಮಾಡುವ ಮೊದಲೇ ಇದನ್ನು ಮಾಡಿಕೊಳ್ಳಿ.

ಮೂರನೆಯದು ಕಾಣದ ಅಕ್ಷರ. ‘ಪ್ರಿಂಟ್‌ಗೆ’ ಎಂದು ಬರೆಯುವಾಗ ಟ್ ಮತ್ತು ಗೆ ನಡುವೆ ಅಗಲವಿಲ್ಲದ ಒಂದು ಸಂಕೇತ ಇರುತ್ತದೆ. ಪದದ ಕೊನೆಯಲ್ಲಿ ಅದು ಉಳಿದರೆ ಯಾರಿಗೂ ಕಾಣುವುದಿಲ್ಲ, ಹೆಸರು ಮಾತ್ರ ಬೇರೆಯಾಗಿರುತ್ತದೆ. ನಿಮಗೆ ನನ್ನ ಸಲಹೆ: ಪ್ರತಿ ಕೆಲಸಕ್ಕೆ ಒಂದು ನಂಬರ್, ಅದರ ಮುಂದೆ ಚಿಕ್ಕದಾಗಿ ಹೆಸರು, ಊರು. ಅಷ್ಟು ಸಾಕು. ಪೂರ್ತಿ ಹೆಸರು ಪತ್ರಿಕೆಯ ಒಳಗೇ ಇದೆಯಲ್ಲ.

ಎಷ್ಟು ಹೊತ್ತಿಗೊಮ್ಮೆ ಓಡಬೇಕು? ಉಬುಂಟುವಿನಲ್ಲೇ ಇರುವ ಸಿಸ್ಟಮ್‌ಡಿ ಟೈಮರ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಇಡಿ. ಹಿಂದಿನದು ಇನ್ನೂ ಓಡುತ್ತಿದ್ದರೆ ಅದು ಎರಡನೆಯದನ್ನು ಶುರು ಮಾಡುವುದಿಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಹಳೆಯ ಸಾಧನ ಕ್ರಾನ್ ಬಳಸಿದರೆ ಆ ಕಾವಲನ್ನು ಎಫ್‌ಲಾಕ್ ಕಮಾಂಡ್‌ನಿಂದ ನೀವೇ ಹಾಕಬೇಕು. ಫೈಲ್ ಬದಲಾದ ಕ್ಷಣವೇ ಕಳಿಸುವ ಎಲ್‌ಸಿಂಕ್‌ಡಿ ಕೂಡ ಇದೆ. ನಿಮ್ಮ ಕೆಲಸಕ್ಕೆ ಅಷ್ಟು ಅವಸರ ಬೇಕಿಲ್ಲ. ಅವಸರ ಮಾಡಿದಷ್ಟೂ ಅರ್ಧ ಸೇವ್ ಆದ ಕೋರೆಲ್ ಫೈಲ್ ಹೋಗುವ ಸಂಭವ ಜಾಸ್ತಿ. ಅದಕ್ಕೂ ಒಂದು ರೂಢಿ ಮಾಡಿಕೊಳ್ಳಿ. ಮುಗಿದ ಫೈಲನ್ನು ಅದೇ ಡಿಸ್ಕಿನ ‘ಪ್ರಿಂಟಿಗೆ’ ಫೋಲ್ಡರಿಗೆ ಮೂವ್ ಮಾಡಿ. ಒಂದೇ ಡಿಸ್ಕಿನೊಳಗೆ ಮೂವ್ ಎಂದರೆ ಹೆಸರು ಬದಲಾವಣೆ ಅಷ್ಟೇ, ಒಂದೇ ಕ್ಷಣದಲ್ಲಿ ಆಗುತ್ತದೆ. ಮೈಸೂರಿನವರು ಆ ಫೋಲ್ಡರಿನಲ್ಲಿ ಇರುವುದನ್ನು ಮಾತ್ರ ತೆರೆಯಲಿ.

ಸಿಂಕ್ ಸದ್ದಿಲ್ಲದೆ ನಿಲ್ಲುತ್ತದೆ. ಪ್ಲೇಟ್ ಹಾಕುವ ದಿನ ಫೈಲ್ ಇಲ್ಲ ಎಂದು ಗೊತ್ತಾಗುವುದು ಬೇಡ. ಪ್ರತಿ ಸಲ ಯಶಸ್ವಿಯಾದಾಗ ಒಂದು ಪುಟ್ಟ ಫೈಲಿನ ಸಮಯ ಬದಲಾಗಲಿ, ಅದೂ ಸಿಂಕ್ ಆಗಿ ನೋಡ್‌ಗೆ ಬರಲಿ. ಕೆಲಸದ ಹೊತ್ತಿನಲ್ಲಿ ಆ ಫೈಲ್ ಅರ್ಧ ಗಂಟೆಗಿಂತ ಹಳೆಯದಾದರೆ ನೋಡ್ ನಿಮಗೆ ಮೇಲ್ ಕಳಿಸಲಿ. ಇದಕ್ಕೆ ಮೂರೂ ಮಶೀನಿನ ಗಡಿಯಾರ ಸರಿ ಇರಬೇಕು, ಅದಕ್ಕೆ ಕ್ರೋನಿ ಎಂಬ ಸಾಫ್ಟ್‌ವೇರ್ ಹಾಕಿ. ಕೋಡ್‌ಗಳಲ್ಲಿ 24 ಬಂದರೆ ಚಿಂತೆ ಬೇಡ, ಓಡುವಾಗ ಯಾರೋ ಫೈಲ್ ಅಳಿಸಿದ್ದಾರೆ. 25 ಬಂದರೆ ಕೆಲಸ ಬಿಟ್ಟು ಎದ್ದು ನೋಡಿ.

ಮೊದಲ ಸಲದ 180 ಜಿಬಿಗೆ ತಾಳ್ಮೆ ಬೇಕು. ಅಪ್‌ಲೋಡ್ 20 ಎಂಬಿಪಿಎಸ್ ಇದ್ದರೆ ಮಂಡ್ಯದಿಂದ ನೋಡ್‌ಗೆ ಸುಮಾರು 20 ಗಂಟೆ. ರಾತ್ರಿ ಬಿಡಿ. ಹಗಲೂ ಓಡಬೇಕಾದರೆ ಬಿಡಬ್ಲ್ಯೂ ಲಿಮಿಟ್ (ವೇಗದ ಮಿತಿ) ಹಾಕಿ, ಆದರೆ ಅದರ ಲೆಕ್ಕ ಕಿಲೋಬೈಟ್‌ನಲ್ಲಿ. 1000 ಎಂದರೆ ಸುಮಾರು 8 ಎಂಬಿಪಿಎಸ್. ಮೈಸೂರಿನ ಪ್ರತಿಯನ್ನು ಇಂಟರ್ನೆಟ್‌ನಲ್ಲಿ ಇಳಿಸಬೇಡಿ. ಎಕ್ಸ್ಟ್4 ಮಾಡಿದ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಆರ್ಕೈವ್ ಆಪ್ಷನ್‌ನಲ್ಲೇ ಕಾಪಿ ಮಾಡಿ, 45 ಕಿಲೋಮೀಟರ್ ತಾನೇ, ತೆಗೆದುಕೊಂಡು ಹೋಗಿ ಹಾಕಿ. ಸಮಯಗಳು ಹಾಗೇ ಉಳಿದಿದ್ದರೆ, ಮೊದಲ ಎಳೆತದಲ್ಲಿ ಆರ್‌ಸಿಂಕ್ ಎಲ್ಲವನ್ನೂ ನೋಡಿ ‘ಇದೆ’ ಎಂದು ಬಿಟ್ಟುಬಿಡುತ್ತದೆ. ಇದನ್ನೆಲ್ಲ ಮದುವೆ ಸೀಸನ್‌ನಲ್ಲಿ ಶುರು ಮಾಡಬೇಡಿ. ಆಷಾಢ ನಿಮಗೆ ಬಿಡುವಿನ ತಿಂಗಳು, ಆಗ ಕಟ್ಟಿ, ಶ್ರಾವಣಕ್ಕೆ ಎಲ್ಲ ಸಿದ್ಧ ಇರುತ್ತದೆ.

ಕಮಾಂಡ್‌ಲೈನ್ ನೋಡಿಕೊಳ್ಳುವವರು ನಿಮ್ಮಲ್ಲಿ ಯಾರೂ ಇಲ್ಲದಿದ್ದರೆ ಸಿಂಕ್‌ಥಿಂಗ್ ಒಳ್ಳೆಯದು. ಸಿಜಿನ್ಯಾಟ್ ಹಿಂದೆಯೂ ನಡೆಯುತ್ತದೆ, ‘ಸೆಂಡ್ ಓನ್ಲಿ’, ‘ರಿಸೀವ್ ಓನ್ಲಿ’ ಎಂದು ಫೋಲ್ಡರಿಗೆ ಯಜಮಾನಿಕೆ ಕೊಡಬಹುದು. ನೋಡ್‌ನಲ್ಲೂ ಅದನ್ನು ಹಾಕಿ ಮೂರನೆಯ ಪ್ರತಿ ಇಟ್ಟುಕೊಳ್ಳಿ. ಮೇಲೆ ಹೇಳಿದ ರಾತ್ರಿಯ ಪ್ರತಿಗಳು ಆಗಲೂ ಬೇಕು.

ಕೊನೆಯದಾಗಿ ಹಳೆಯ ಪಿಸಿ. ಪ್ರೆಸ್‌ನಲ್ಲಿರುವ ಪಿಸಿಯನ್ನೇ ನೋಡ್ ಮಾಡಿದರೆ ಬಾಡಿಗೆ ಉಳಿಯುತ್ತದೆ. ಆದರೆ ಮಂಡ್ಯದಿಂದ ಅದಕ್ಕೆ ತಲುಪಲು ಮೈಸೂರಿನಲ್ಲಿ ಪಬ್ಲಿಕ್ ಐಪಿ ಬೇಕು. ಇಲ್ಲದಿದ್ದರೆ ಮತ್ತೆ ಕ್ಲೌಡ್‌ನಲ್ಲಿ ಚಿಕ್ಕ ನೋಡ್ ಇಟ್ಟು, ವೈರ್‌ಗಾರ್ಡ್ ಎಂಬ ವಿಪಿಎನ್‌ನಿಂದ ಇಬ್ಬರನ್ನೂ ಒಂದೇ ಖಾಸಗಿ ನೆಟ್‌ವರ್ಕ್‌ಗೆ ತರಬೇಕು. ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇಟ್ಟರೆ ನ್ಯಾಟ್ ದಾರಿ ಮುಚ್ಚುವುದಿಲ್ಲ. ಆಗ ಕ್ಲೌಡ್‌ನಲ್ಲಿ ಡಿಸ್ಕ್ ಬೇಕಿಲ್ಲ, ಫೈಲುಗಳು ಹಾದುಹೋಗುತ್ತವೆ ಅಷ್ಟೇ. ಖರ್ಚು ಬಹಳ ಕಡಿಮೆ. ಕಳೆದುಕೊಳ್ಳುವುದು ಮೂರನೆಯ ಜಾಗದಲ್ಲಿರುವ ಪ್ರತಿಯನ್ನು. ಪ್ರೆಸ್‌ಗೆ ನೀರು ನುಗ್ಗಿದರೆ, ಬೆಂಕಿ ಬಿದ್ದರೆ ಸರ್ವರ್ ಮತ್ತು ಹಳೆಯ ಪಿಸಿ ಒಟ್ಟಿಗೇ ಹೋಗುತ್ತವೆ. ಹಾಗಾಗಿ ಹಳೆಯ ಪಿಸಿಯನ್ನು ಬಳಸುವುದೇ ಆದರೆ ಪ್ರೆಸ್‌ನಲ್ಲಿ ಬೇಡ, ನಿಮ್ಮ ಮನೆಯಲ್ಲಿ ಇಡಿ. ಡಿಸ್ಕ್ ಹೊಸದು ಹಾಕಿ, ಒಂದು ಯುಪಿಎಸ್ ಕೊಡಿ, ರಾತ್ರಿಯ ಪ್ರತಿಗಳನ್ನು ಅದರಲ್ಲಿ ತೆಗೆಯಿರಿ.